ಬೆಟ್ಟಕ್ಕೊಂದು ಸ್ವೆಟರು

ತನ್ನ ಕೆಂಪು ಸ್ವೆಟರನ್ನು ಗಂಡ ಮಡಚಿ ಚೀಲದ ತಳಕ್ಕೆ ತುರುಕುವುದನ್ನು ಶಾಹಜಹಾನ್ ಬೇಗಂ ಅಡುಗೆಮನೆ ಬಾಗಿಲ ಸಂದಿನಿಂದ ಕಣ್ಣಾರೆ ಕಂಡಳು. ಹೂವಿನ ಗುಂಡಿಗಳಿದ್ದ ಹೆಂಗಸರ ಸ್ವೆಟರು. ಟೆಂಪೊ ಟ್ರಾವೆಲರ್ ಓಡಿಸುವ ಗಂಡಸಿಗೆ ಅದು ಯಾಕೆ? ಅವಳು ಕೇಳಲಿಲ್ಲ. ಕೇಳಿದರೆ ಕಳ್ಳ ಎಚ್ಚೆತ್ತುಬಿಡುತ್ತಾನೆ.

ಕುದುರೆಮುಖಕ್ಕೆ ಯಾವಾಗ ಹೋದರೆ ಚೆನ್ನ ಎಂದು ಶ್ರೀರಂಗಪಟ್ಟಣದಲ್ಲಿ ಯಾರನ್ನು ಕೇಳಿದರೂ ರಹಮತುಲ್ಲಾನ ಮನೆಯತ್ತ ಕೈ ತೋರಿಸುತ್ತಿದ್ದರು. ಹದಿನಾಲ್ಕು ವರ್ಷದಿಂದ ಆ ರಾಷ್ಟ್ರೀಯ ಉದ್ಯಾನಕ್ಕೆ ಜನರನ್ನು ಸಾಗಿಸುತ್ತಿದ್ದವನು. ಆರಿದ್ರಾ ಮಳೆಯಲ್ಲಿ ಜಿಗಣೆ ಎಷ್ಟುದ್ದ, ಸ್ವಾತಿ ಕಳೆದ ಮೇಲೆ ಬೆಟ್ಟದ ಹುಲ್ಲು ಎಂಥ ಹಸಿರು, ಎಲ್ಲ ಬಾಯಿಪಾಠ. ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿ ಎಂದು ಹೆಂಡತಿ ಕೇಳಿದರೆ ಮಾತ್ರ ಪಾಠ ಬದಲಾಗುತ್ತಿತ್ತು.

“ಈಗೆಲ್ಲಿಗ್ ಓಗ್ತೀಯ ಬೇಗಂ? ಮಳೆ ಬುಡೋ ಅಂಗೇ ಇಲ್ಲ,” ಎನ್ನುವನು ಆಷಾಢದಲ್ಲಿ. ಬೇಸಿಗೆ ಬಂದರೆ, “ಕಾಡ್ಗೆ ಬೆಂಕಿ ಬಿದ್ದಾತು ಅಂತ ಬೆಟ್ಟ ಅತ್ತಕೇ ಬುಡಕಿಲ್ಲ.” ಚಳಿಗಾಲ ಒಳ್ಳೇ ಕಾಲವಲ್ಲವೇ ಎಂದರೆ, “ಅದು ಸೀಸನ್ನು ಕಣೆ. ಪಾರ್ಟಿಯೋರ್ಗೇ ಸೀಟು ಸಾಲಕಿಲ್ಲ.” ಕುಣಿಯಲಾರದವಳಿಗೆ ನೆಲ ಡೊಂಕು, ಇವನಿಗೆ ಹನ್ನೆರಡು ತಿಂಗಳೂ ಡೊಂಕು ಎಂದು ಬೇಗಂ ಗೊಣಗಿಕೊಳ್ಳುತ್ತಿದ್ದಳು.

ಗೊಣಗಾಟ ಗುಮಾನಿಗೆ ತಿರುಗಿದ್ದು ಹೋದ ವರ್ಷ. ಪ್ರವಾಸ ಮುಗಿಸಿ ಬರುವ ಗಂಡನ ಅಂಗಿ ಒಗೆದು ಒಣಗಿಸಿದಂತೆ ಗರಿಗರಿಯಾಗಿ ಇರುತ್ತಿತ್ತು. ಮನೆಯಲ್ಲಿ ಕುಡಿದ ಲೋಟ ತೊಳೆಯದವನು! ಬೆಟ್ಟದ್ದೊಂದು ಫೋಟೊ ತಂದವನೂ ಅಲ್ಲ. ಸಾಲದ್ದಕ್ಕೆ ಆ ಫೋನು. “ಶ್ವೇತ, ಮೇಲೆ ಮಂಜು ಎಂಗದೆ? ನೀನಿದ್ರೇನೇ ನಂಗೆ ಧೈರ್ಯ,” ಎಂದು ಹಿತ್ತಲಲ್ಲಿ ನಿಂತು ಪಿಸುಗುಟ್ಟುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು. ಇಪ್ಪತ್ತಾರು ವರ್ಷದ ಸಂಸಾರ. ಬೆಟ್ಟ ಹಾಳಾಗಲಿ, ಗಂಡ ಕೈತಪ್ಪಿ ಹೋದರೆ ಏನು ಗತಿ ಎಂಬ ಭಯ ಅವಳನ್ನು ಹಿಡಿದುಕೊಂಡಿತು.

ದಾರಿ ತೋರಿಸಿದವಳು ಪಾಂಡವಪುರದ ಗೆಳತಿ ತಿಮ್ಮಮ್ಮ. ಅವಳ ಸಂಘದ ಹತ್ತು ಹೆಂಗಸರು, ಸ್ವಾತಿ ಮಳೆ ಮುಗಿದ ವಾರಕ್ಕೆ ರಹಮತುಲ್ಲಾನ ಗಾಡಿಯನ್ನೇ ಗೊತ್ತುಮಾಡಿದ್ದರು.

“ಅನ್ನೊಂದ್ನೆಯವ್ಳು ನೀನಾಗು,” ಎಂದಳು ತಿಮ್ಮಮ್ಮ. “ಬುರ್ಖಾ ಆಕ್ಕಂಡು ಕೊನೇ ಸೀಟಲ್ಲಿ ಕುಂತ್ರೆ ಯಾರ್ಗೆ ಗೊತ್ತಾಯ್ತದೆ? ಫರ್ಹತ್ ಅಂತ ಏಳ್ತೀನಿ. ಆಧಾರ್ ಕಾರ್ಡು ಮಾತ್ರ ನಿಂದೇ ಕೊಡವ್ವ. ಕಾಡಿನ ಗೇಟಿಗೆ ಮೊದ್ಲೇ ಕಳಿಸ್ಬೇಕಂತೆ.”

ಬೇಗಂ ಕೊಟ್ಟಳು. ಕೆ.ಆರ್. ಪೇಟೆಯ ತವರಿಗೆ ಹೋಗಿಬರುತ್ತೇನೆ ಎಂದು ಗಂಡನಿಗೆ ಸುಳ್ಳು ಹೇಳಿದಳು. ಅವನು ಬೇಡ ಎನ್ನಲಿಲ್ಲ. ಎಷ್ಟು ದಿನ ಎಂದೂ ಕೇಳಲಿಲ್ಲ. ಮೀಸೆಯಡಿ ನಕ್ಕಂತೆ ಕಂಡಿತು. ನನ್ನನ್ನು ಸಾಗಹಾಕಲು ಎಷ್ಟು ಆತುರ ಎಂದುಕೊಂಡಳು. ಈಗ ನೋಡಿದರೆ ಹೊರಡುವ ಬೆಳಿಗ್ಗೆ ಸ್ವೆಟರಿಗೂ ಕೈ ಹಾಕಿದ್ದ.

ಅವನು ಡೀಸೆಲ್ ಹಾಕಿಸಲು ಹೋದದ್ದೇ ತಡ, ಅವಳು ಪಾಂಡವಪುರದ ಬಸ್ಸು ಹತ್ತಿದಳು. ಏಳು ಗಂಟೆಗೆ ಗಾಡಿ ಬಂದಾಗ ಹೆಂಗಸರ ನಡುವೆ ತಲೆ ತಗ್ಗಿಸಿ ಏರಿ, ಕೊನೇ ಸೀಟಿನ ಮೂಲೆ ಹಿಡಿದಳು. ರಹಮತುಲ್ಲಾ ಕನ್ನಡಿ ಸರಿಮಾಡಿಕೊಂಡ.

“ಇಂದಿನ್ ಸೀಟ್ನೋರು ಗಟ್ಟಿಯಾಗ್ ಇಡ್ಕಳಿ. ಶ್ಯಾನೆ ಕುಲುಕ್ತದೆ,” ಎಂದ.

ನಿನ್ನನ್ನೇ ಕುಲುಕುತ್ತೇನೆ ಇರು ಎಂದುಕೊಂಡಳು ಬೇಗಂ.

ಮೂಡಿಗೆರೆ ದಾಟಿ, ಘಾಟಿಯ ತಿರುವುಗಳು ಶುರುವಾಗುವ ಮೊದಲು ಗಾಡಿ ಒಂದು ಟೀ ಅಂಗಡಿಯ ಮುಂದೆ ನಿಂತಿತು. ಮೂವತ್ತರ ಗಟ್ಟಿಮುಟ್ಟಾದ ಹೆಂಗಸೊಬ್ಬಳು ನಗುತ್ತ ಹೊರಗೆ ಬಂದಳು.

“ಬಾ ಶ್ವೇತ, ನಿಂಗೇ ಕಾಯ್ತಿದ್ದೆ,” ಎಂದು ರಹಮತುಲ್ಲಾ ಇಳಿದ. ಅವಳ ಕಿವಿಯಲ್ಲಿ ಏನೋ ಹೇಳಿದ. ಚೀಲದಿಂದ ಕೆಂಪು ಸ್ವೆಟರು ತೆಗೆದು ಅವಳ ಕೈಗಿಟ್ಟ.

ಬೇಗಂ ಮುಂದಿನ ಸೀಟಿನ ಕಂಬಿ ಹಿಡಿದಳು. ಆದದ್ದಾಗಲಿ, ನಾಲ್ಕು ಜನರ ಮುಂದೆಯೇ ಇವನ ಮಾನ ಹರಾಜು ಹಾಕುತ್ತೇನೆ ಎಂದು ಎದ್ದು ನಿಂತಳು. ಅಷ್ಟರಲ್ಲಿ ಅವನು ಇನ್ನೊಂದು ವಸ್ತುವನ್ನೂ ಆ ಹೆಂಗಸಿಗೆ ಕೊಟ್ಟ. ಗಾಡಿಯ ಕೀ.

ಶ್ವೇತ ಡ್ರೈವರ್ ಸೀಟನ್ನು ಮುಂದೆಳೆದುಕೊಂಡು ಕುಳಿತಳು. ರಹಮತುಲ್ಲಾ ಅಂಗಿ ಬಿಚ್ಚಿ, ಕಣಿವೆಗೆ ಬೆನ್ನು ಹಾಕಿ, ಅಂಗಡಿ ಪಕ್ಕದ ಕಲ್ಲಿನ ಮೇಲೆ ಆರಾಮಾಗಿ ಬಟ್ಟೆ ಒಗೆಯತೊಡಗಿದ.

“ಅಣ್ಣಂಗೆ ಪ್ರಪಾತ ಕಂಡ್ರೆ ತಲೆ ತಿರುಗುತ್ತೆ,” ಎಂದಳು ಶ್ವೇತ, ಗಾಡಿ ಚಾಲೂ ಮಾಡುತ್ತ. “ಇಲ್ಲಿಂದ ಮೇಲಕ್ಕೆ ಯಾವಾಗ್ಲೂ ನಂದೇ ಡ್ರೈವಿಂಗು. ಊರಲ್ಲಿ ಯಾರಿಗೂ ಹೇಳ್ಬೇಡಿ, ಪಾಪ, ನಾಚ್ಕೊಳ್ತಾರೆ.”

ಬೇಗಂ ಸೀಟಿನಲ್ಲಿ ಕುಸಿದಳು. ಬುರ್ಖಾದೊಳಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಂಥ ಮನುಷ್ಯನನ್ನು ಹಿಡಿಯಲು ಬಂದೆನಲ್ಲ ಎಂದು ತನ್ನ ಮೇಲೇ ನಾಚಿಕೆಯಾಯಿತು. ಸದ್ಯ, ಅವನಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕೆಂಪು ಸ್ವೆಟರು ಸೀಟಿನಿಂದ ಸೀಟಿಗೆ, ಕೈಯಿಂದ ಕೈಗೆ ದಾಟುತ್ತ ಬಂದು ಅವಳ ಮಡಿಲಲ್ಲಿ ಬಿತ್ತು.

“ಹಾಕ್ಕೊಳ್ಳಿ ಅತ್ತಿಗೆ, ಮೇಲೆ ಚಳಿ. ಎಲ್ಲರ ಆಧಾರ್ ಗೇಟಿಗೆ ಕಳಿಸೋದು ಅಣ್ಣನೇ ಅಲ್ವಾ? ಬೆಟ್ಟ ಹೇಗಿದೆ ಅಂತ ನೀವು ಬಂದು ಹೇಳ್ಬೇಕಂತೆ. ಹದಿನಾಲ್ಕು ವರ್ಷದಲ್ಲಿ ಅವರು ಒಂದ್ಸಲವೂ ನೋಡಿಲ್ಲ.”