ಹೊಸ ಕೂಲರ್

ತೊಂಬತ್ತಾರು. ತೊಂಬತ್ತೆಂಟು. ನೂರು ಡಿಗ್ರಿ. ಕಂಪ್ಯೂಟರ್ ಮತ್ತೆ ತಾನಾಗಿಯೇ ಆರಿಹೋಯಿತು. ಮೊಸೆಸೆ ಮೇಜಿಗೆ ಗುದ್ದಿದ.

ಅವನ ತಮ್ಮ ಫೆಲೆತಿ ಮೀನಿಗೆ ಹೋದ ದೋಣಿ ಕಾಣೆಯಾಗಿತ್ತು. ನ್ಯೂಜಿಲೆಂಡಿನಿಂದ ಬಂದ ವಿಮಾನ ಇವತ್ತು ಮಧ್ಯಾಹ್ನ ಕೊನೆಯ ಸಲ ಹುಡುಕಲು ಹೊರಡುವುದಿತ್ತು. ಎಂಜಿನ್ ಕೆಟ್ಟ ದೋಣಿಯನ್ನು ಗಾಳಿ, ಸೆಳವುಗಳು ಎತ್ತ ಒಯ್ದಿರಬಹುದೆಂದು ಲೆಕ್ಕ ಹಾಕುವ ಪ್ರೋಗ್ರಾಮ್ ಇದ್ದದ್ದು ಮೊಸೆಸೆಯ ಈ ಕಂಪ್ಯೂಟರಿನಲ್ಲಿ ಮಾತ್ರ. ಎರಡು ಗಂಟೆ ಬಿಡದೆ ಓಡಿದ್ದರೆ ಹುಡುಕಬೇಕಾದ ಜಾಗ ಸಿಗುತ್ತಿತ್ತು. ಹಾಳು ಯಂತ್ರ ಹತ್ತು ನಿಮಿಷವೂ ಓಡುತ್ತಿರಲಿಲ್ಲ.

ಪ್ರೊಸೆಸರನ್ನು ತಣ್ಣಗಿಡುವ ಹಳೆಯ ಕೂಲರ್ ಕೈಕೊಟ್ಟಿತೆಂದು ನಿನ್ನೆ ತಾನೇ ಹೊಸದನ್ನು ಕೂರಿಸಿದ್ದ. ಫ್ಯಾನ್ ತಿರುಗುತ್ತಿತ್ತು, ಗಾಳಿಯ ದಿಕ್ಕು ಸರಿಯಿತ್ತು, ಸ್ಕ್ರೂಗಳು ಬಿಗಿಯಾಗಿದ್ದವು. ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿಟ್ಟ. ಪ್ರೊಸೆಸರಿನ ವೇಗ ತಗ್ಗಿಸಿದ. ಬಿಸಿ ಯಾವುದಕ್ಕೂ ಜಗ್ಗಲಿಲ್ಲ. ಕೂಲರನ್ನೇ ಕಿತ್ತು ನೋಡಲು ಧೈರ್ಯ ಸಾಲದು. ಮತ್ತೆ ಕೂರಿಸಲು, ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಹೊಸದಾಗಿ ಹಚ್ಚಬೇಕು, ಇದ್ದ ಚೂರು ಪೇಸ್ಟ್ ಮುಗಿದಿತ್ತು. ಭಾನುವಾರ ಟೋಂಗಾದಲ್ಲಿ ಒಂದು ಸೂಜಿಗೂ ಅಂಗಡಿ ತೆರೆಯುವುದಿಲ್ಲ.

ಕೂಲರನ್ನು ಆಕ್ಲೆಂಡಿನಿಂದ ತಂದುಕೊಟ್ಟವನು ಚಿಕ್ಕಪ್ಪನ ಮಗ ಸೈಮೊನೆ. ಮೊಸೆಸೆ ಅವನಿಗೆ ಫೋನ್ ಮಾಡಿದ.

"ಅಡಿಯಲ್ಲಿದ್ದ ಪ್ಲಾಸ್ಟಿಕ್ ಹಾಳೆ ಕಿತ್ಯಾ? ಅದಿದ್ರೆ ಬಿಸಿ ದಾಟಲ್ಲ." ಎಂದ ಸೈಮೊನೆ.

"ಅಷ್ಟೂ ಗೊತ್ತಿಲ್ವಾ ನಂಗೆ? ಡಬ್ಬಿ ತೆಗೆದವನು ಮೊದಲು ಕಿತ್ತಿದ್ದೇ ಅದನ್ನ. ನಿಜ ಹೇಳೋ, ಯಾವ ಗುಜರಿಯಿಂದ ಎತ್ಕೊಂಡ್ ಬಂದೆ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಫೆಲೆತಿ ನಂಗೂ ತಮ್ಮನೇ."

"ಅವನಿಗೇನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ ನಾನು."

ಅಷ್ಟರಲ್ಲಿ ಅಮ್ಮ ಚರ್ಚಿನಿಂದ ಬಂದಳು. ಚರ್ಚಿಗೆ ಹೋಗುವಾಗ ಅಲ್ಲಿನ ರೂಢಿಯಂತೆ ಸೊಂಟಕ್ಕೆ ಸುತ್ತಿದ ಚಾಪೆಯನ್ನೂ ಬಿಚ್ಚದೆ ಬಟ್ಟೆ ತಗೊಂಡು ಕಿಟಕಿ ಒರೆಸತೊಡಗಿದಳು. ದೋಣಿ ಕಾಣೆಯಾದಂದಿನಿಂದ ಹೀಗೇ. ಕಂಡದ್ದನ್ನೆಲ್ಲ ಒರೆಸುವಳು, ಮುಚ್ಚುವಳು, ಜೋಡಿಸುವಳು. ಮಗ ಬಂದಾಗ ಮನೆ ಲಕ್ಷಣವಾಗಿರಬೇಕಂತೆ.

"ಆಗುತ್ತೇನಪ್ಪ?"

"ನೋಡ್ತಿದೀನಮ್ಮ."

"ನಂಗೆ ತಿಳಿದಷ್ಟು ನಾನೂ ಮಾಡಿದೀನಿ. ಮಿಕ್ಕಿದ್ದು ದೇವರಿಗೆ ಬಿಟ್ಟಿದ್ದು."

ಮಧ್ಯಾಹ್ನದ ತನಕ ಮೊಸೆಸೆ ಹೆಣಗಿದ. ವಿಮಾನ ಯಾರದೋ ಅಂದಾಜು ನಂಬಿ ಉತ್ತರಕ್ಕೆ ಹೋಯಿತು, ಸಂಜೆಗೆ ಮುನ್ನ ಬರಿಗೈಯಲ್ಲಿ ಮರಳಿತು. ಹುಡುಕಾಟ ನಿಲ್ಲಿಸಿದ್ದೇವೆಂದು ಬಂದರಿನವರು ಫೋನ್ ಮಾಡಿ ತಿಳಿಸಿದರು. ಅಮ್ಮ ಅಳಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ, ಬಿಡಿಸುತ್ತ ನಿಂತಳು.

ಇನ್ನು ಯಾವ ಪೇಸ್ಟು, ಯಾವ ಲೆಕ್ಕ. ಸೈಮೊನೆಯ ಮುಖಕ್ಕೆ ಎಸೆದು ಬರುವುದೇ ಸರಿ ಎಂದು ಮೊಸೆಸೆ ಸ್ಕ್ರೂ ಬಿಚ್ಚಿ ಕೂಲರನ್ನು ಕಿತ್ತು ತಿರುವಿದ. ಅಡಿಯ ತಾಮ್ರದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿತ್ತು. ಉಗುರಿನಿಂದ ಅದರ ಅಂಚನ್ನು ಎಬ್ಬಿಸಿದ.

"ಅಯ್ಯೋ, ಕೀಳಬೇಡ್ವೋ," ಎಂದಳು ಅಮ್ಮ. "ನಿನ್ನೆ ನೀನು ಸ್ಕ್ರೂಡ್ರೈವರ್ ತರೋಕೆ ಹೋದಾಗ ಒಂದು ಗುಳ್ಳೇನೂ ಏಳದ ಹಾಗೆ ನಾನೇ ತಿರುಗಿ ಅಂಟಿಸಿದ್ದು. ಹೊಸಾ ಸಾಮಾನು, ಗೀರು ಬೀಳಬಾರದು ಅಂತ."