ಭಾವನ ಶುಭೋದಯ

ಬಚ್ಚಲುಮನೆಯಲ್ಲಿ ನೀರಿನ ಸದ್ದು ನಿಲ್ಲುವುದರೊಳಗೆ ಕೆಲಸ ಮುಗಿಯಬೇಕಿತ್ತು. ರತ್ನಾಕರ ಬಚ್ಚಲಿನ ಹಿಂಗೋಡೆಗೆ ಒರಗಿ ಹೆಂಡತಿಯ ಮೊಬೈಲ್ ಒತ್ತುತ್ತಿದ್ದ. ಬಹರೈನಿನಲ್ಲಿರುವ ಊರವರ ವಾಟ್ಸಾಪ್ ಗುಂಪಿನಿಂದ ಅವಳನ್ನು ಹೊರಗೆ ತಂದ. ಇನ್ನು ಅಲ್ಲಿ ಯಾರು ಎಷ್ಟು ‘ಓಂ ಶಾಂತಿ’ ಹಾಕಿದರೂ ಪುಷ್ಪಳಿಗೆ ಕಾಣುವುದಿಲ್ಲ.

ಆಮೇಲೆ ತನ್ನ ಮೊಬೈಲಿನಿಂದ ಯತೀಶನಿಗೆ ಕರೆ ಮಾಡಿದ. ಯತೀಶ ಬಿಜೂರಿನ ಹುಡುಗ, ಬಹರೈನಿನಲ್ಲಿ ಪುಷ್ಪಳ ಅಣ್ಣ ಚಂದಯ್ಯನ ಜೊತೆ ಒಂದೇ ಕೋಣೆಯಲ್ಲಿದ್ದವನು. ಚಂದಯ್ಯ ರಾತ್ರಿ ಮಲಗಿದವನು ಏಳಲಿಲ್ಲ ಎಂಬ ಸುದ್ದಿ ಕೊಟ್ಟವನೂ ಅವನೇ. ಇಲ್ಲಿ ಭಾನುವಾರ ಮಗಳು ಅನಿಷಾಳ ಮದುವೆ.

“ಮದಿ ಮುಗಿವರಿಗೆ ಬಾಯಿ ಬಿಡ್ಬೇಡ ಮಾರಾಯ. ಭಾವ ತೀರ್ಕಂಡದ್ದ್ ಪುಷ್ಪಂಗೆ ಗೊತ್ತಾಪುಕಾಗ,” ಎಂದ ರತ್ನಾಕರ. “ದಿನಾ ಬೆಳಿಗ್ಗೆ ಭಾವನ ಮೊಬೈಲಿಂದ ದೇವ್ರ ಪಟ ಒಂದ್ ಕಳ್ಸ್.”

ಕಾಣ್ತೆ ಅಣ್ಣ, ಎಂದ ಯತೀಶ, ಅರೆಮನಸ್ಸಿನಿಂದ.

ಮಾತಿನ ನಡುವೆ ಬಚ್ಚಲಿನ ಸದ್ದು ನಿಂತಿತ್ತು. ಈಗ ಮತ್ತೆ ಶುರುವಾಯಿತು. ತಂಬಿಗೆಯ ಮೇಲೆ ತಂಬಿಗೆ, ಹಂಡೆ ಖಾಲಿಯಾಗುವಷ್ಟು. ಪುಷ್ಪ ಹೊರಬಂದಾಗ ತಲೆಯಿಂದ ನೀರು ಇಳಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಸೌದೆ ಹಸಿ, ಬರೀ ಹೊಗೆ ಎಂದು ಗೊಣಗುತ್ತ ಒಳಗೆ ಹೋದಳು. ಮದುವೆಮನೆಯ ಗಡಿಬಿಡಿಯಲ್ಲಿ ಒಣಗಿದ ಸೌದೆ ತರಿಸಲೂ ತನ್ನಿಂದ ಆಗಲಿಲ್ಲವಲ್ಲ ಎಂದು ರತ್ನಾಕರನಿಗೆ ಅದೂ ಒಂದು ಚುಚ್ಚಿತು.

ಸೂತಕದ ವಿಷಯದಲ್ಲಿ ಈ ಮನುಷ್ಯ ಪುರೋಹಿತರಿಗಿಂತ ಒಂದು ತೂಕ ಹೆಚ್ಚು. ಹೋದ ವರ್ಷ ಎಲ್ಲೋ ಇದ್ದ ಅಜ್ಜಿಯೊಬ್ಬರು ಸತ್ತರೆಂದು ಸ್ವಂತ ತಂಗಿ ಗುಲಾಬಿಯ ಗೃಹಪ್ರವೇಶವನ್ನೇ ನಿಲ್ಲಿಸಿದ್ದ. ಬಾಳೆಎಲೆ ಹಾಕುವ ಹೊತ್ತಿಗೆ ಅಡುಗೆಯವರನ್ನು ವಾಪಸು ಕಳಿಸಿದ ಗಟ್ಟಿಗ. ಈಗ ಅದೇ ಮನುಷ್ಯ ಲೆಕ್ಕ ಹಾಕತೊಡಗಿದ. ಅವರಲ್ಲಿ ಬಳಿ, ಅಂದರೆ ಗೋತ್ರದಂಥ ಕುಲ, ತಾಯಿಯ ಕಡೆಯಿಂದ. ಚಂದಯ್ಯನ ಸೂತಕ ತಂಗಿ ಪುಷ್ಪಳಿಗೆ, ಅವಳ ಮಗಳು ಅನಿಷಾಳಿಗೆ. ರತ್ನಾಕರನ ಬಳಿ ಬೇರೆ, ಅವನಿಗಿಲ್ಲ. ಅಂದರೆ ಮನೆಯಲ್ಲಿ ಈ ಸುದ್ದಿ ಕೇಳಿಯೂ ಶುದ್ಧವಾಗಿ ಉಳಿಯಬಲ್ಲವನು ಅವನೊಬ್ಬನೇ. ಕೇಳದವರಿಗೆ ಸೂತಕ ಹತ್ತುವುದಿಲ್ಲ. ಮದುವೆ ಈ ಭಾನುವಾರ ತಪ್ಪಿದರೆ ಹುಡುಗ ದೋಹಾಕ್ಕೆ ವಾಪಸು, ಮತ್ತೆ ರಜೆ ಸಿಗುವುದು ಮುಂದಿನ ವರ್ಷ. ಅಷ್ಟರಲ್ಲಿ ಹೆಣ್ಣಿನ ಕಾಲ್ಗುಣದ ಮಾತೆತ್ತಲು ಗಂಡಿನ ಕಡೆ ಬಾಯಿಗಳಿಗೇನು ಬರವಿರಲಿಲ್ಲ.

ಲೆಕ್ಕ ಸರಿಯಿತ್ತು. ಆದರೆ ಅನಿಷಾಳನ್ನು ಎತ್ತಿ ಆಡಿಸಿದ ಸೋದರಮಾವ ಪರದೇಶದ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಮಲಗಿದ್ದಾನೆ, ಇಲ್ಲಿ ತಾನು ಹೋಳಿಗೆಗೆ ತುಪ್ಪ ಸಾಕೇ ಎಂದು ಕೇಳುತ್ತಿದ್ದೇನೆ. ಒಡಹುಟ್ಟಿದವನಿಗಾಗಿ ಒಂದು ಹನಿ ಕಣ್ಣೀರು ಹಾಕುವ ಹಕ್ಕನ್ನೂ ಪುಷ್ಪಳಿಂದ ಕಸಿದಿದ್ದೇನೆ.

ಮರುದಿನ ಬೆಳಿಗ್ಗೆ ಪುಷ್ಪ ಚಹಾ ತಂದಿಟ್ಟು ಮೊಬೈಲ್ ನೋಡಿದಳು. ಅಣ್ಣಯ್ಯ ಕೊಲ್ಲೂರು ದೇವಿಯ ಪಟ ಹಾಕಿದ್ದಾನೆ, ಶುಭೋದಯ ಅಂದಿದ್ದಾನೆ ಎಂದಳು. ರತ್ನಾಕರ ಲೋಟದಿಂದ ತಲೆಯೆತ್ತಲಿಲ್ಲ. ಆ ಪಟ ನೋಡುವ ಧೈರ್ಯ ಅವನಿಗಿರಲಿಲ್ಲ. ಮಾರನೆಯ ದಿನ ಹಟ್ಟಿಯಂಗಡಿಯ ಗಣಪತಿಯ ಪಟ ಬಂತು. ಅವಳು ಓದಿ ಹೇಳಿದಳು, ಅವನು ಕೇಳಿದ. ಯತೀಶ ಮಾತಿಗೆ ತಪ್ಪುವವನಲ್ಲ ಎಂದುಕೊಂಡ, ಹಾಗೆಂದುಕೊಂಡದ್ದಕ್ಕೂ ನಾಚಿದ.

ಆ ಸಂಜೆಯೇ ಕಾಯಿ ಒಡೆಸಲು ಹಟ್ಟಿಯಂಗಡಿಗೆ ಹೋದರು. ಮಂಡಿನೋವು, ನೀವೇ ಹೋಗಿಬನ್ನಿ ಎಂದು ಪುಷ್ಪ ಕಾರಿನಲ್ಲೇ ಕುಳಿತಳು. ದೇವರೆದುರು ಕೈಮುಗಿದು ನಿಂತ ರತ್ನಾಕರನಿಗೆ ಏನು ಬೇಡಬೇಕೆಂದೇ ತೋಚಲಿಲ್ಲ. ಕ್ಷಮೆ ಕೇಳಬೇಕಾದದ್ದು ಕಾರಿನಲ್ಲಿದ್ದವಳ ಬಳಿ ಅನ್ನಿಸಿತು.

ಭಾನುವಾರ ಬ್ರಹ್ಮಾವರದ ಸಭಾಭವನದಲ್ಲಿ ಮದುವೆ. ಚಂದಯ್ಯ ವಿಡಿಯೊ ಕರೆಯಲ್ಲಿ ಧಾರೆ ನೋಡುತ್ತೇನೆಂದು ತಿಂಗಳ ಹಿಂದೆಯೇ ಹೇಳಿದ್ದ. ಆ ಗಳಿಗೆ ಹೇಗೆ ದಾಟುವುದೆಂದು ರತ್ನಾಕರ ಬೆವರುತ್ತಿದ್ದಾಗ ಪುಷ್ಪ ಮೊಬೈಲ್ ಹಿಡಿದು ಬಂದಳು.

“ಅಣ್ಣಯ್ಯನ ಮೆಸೇಜ್ ಬಂತ್. ಅಲ್ಲಿ ನೆಟ್ ಸಮ ಇಲ್ಲೆ ಅಂಬ್ರ್. ‘ಹೆಣ್ಣಿಗೆ ನನ್ನ ಆಶೀರ್ವಾದ ಇತ್ತ್, ನನ್ನ ಕಾಯ್ಬೇಡಿ, ಧಾರೆ ಎರೆಯಿರಿ’ ಅಂದಿರ್.”

ರತ್ನಾಕರನಿಗೆ ತಡೆಯಲಾಗಲಿಲ್ಲ, ಅತ್ತೇಬಿಟ್ಟ. ಮಗಳನ್ನು ಕಳಿಸುವ ಅಪ್ಪ ಎಂದು ನೆಂಟರು ಬೆನ್ನು ಸವರಿದರು. ತಾಯಿಯಾಗಿ ತಾನು ಹಿಡಿಯಬೇಕಿದ್ದ ಧಾರೆಯ ಗಿಂಡಿಯನ್ನು ಪುಷ್ಪ ಗುಲಾಬಿಯ ಕೈಗೆ ಕೊಡಿಸಿದಳು. ಗೃಹಪ್ರವೇಶ ನಿಲ್ಲಿಸಿದ ಋಣ ಹೀಗಾದರೂ ತೀರಲಿ ಎಂದು ನಗೆಯಾಡಿ ತಾನು ಹಿಂದೆ ಸರಿದಳು. ಎಂಥ ದೊಡ್ಡ ಮನಸ್ಸು ಎನ್ನಿಸಿ ಅವನ ಎದೆ ಇನ್ನಷ್ಟು ಭಾರವಾಯಿತು.

ಮಧ್ಯಾಹ್ನ ಹೆಣ್ಣನ್ನು ಕಳಿಸಿಕೊಟ್ಟ ಮೇಲೆ ಸಭಾಭವನ ಖಾಲಿಯಾಯಿತು. ಪುಷ್ಪ ಕೊನೆಯ ಸಾಲಿನ ಕುರ್ಚಿಯಲ್ಲಿ ಒಬ್ಬಳೇ ಕುಳಿತಿದ್ದಳು. ಇನ್ನು ಹೇಳಲೇಬೇಕು. ಅದಕ್ಕೂ ಮೊದಲು ರತ್ನಾಕರ ಅಡುಗೆಶಾಲೆಯ ಹಿಂದೆ ಹೋಗಿ ಯತೀಶನಿಗೆ ಕರೆ ಮಾಡಿದ. ಮದುವೆ ಸುಸೂತ್ರವಾಯಿತು, ಅವಳಿಗೆ ಏನೇನೂ ಗೊತ್ತಾಗಲಿಲ್ಲ, ದೇವರೆದುರು ಅಷ್ಟರ ಮಟ್ಟಿಗೆ ತಾನು ಶುದ್ಧ ಎಂದ. ದಿನಾ ಕಳಿಸಿದ ಪಟಕ್ಕೆ, ಇವತ್ತಿನ ಆಶೀರ್ವಾದಕ್ಕೆ ಹೇಗೆ ಉಪಕಾರ ಹೇಳಲಿ, ಭಾವನೇ ಬರೆದ ಹಾಗಿತ್ತು ಎಂದ.



“ನಾನ್ ಒಂದೂ ಕಳ್ಸ್ಲಿಲ್ಲ ಅಣ್ಣ, ಚಂದಯ್ಯಣ್ಣನ ಮೊಬೈಲ್ ಲಾಕ್ ತೆಗೆಯುಕೇ ಆಯ್ಲಿಲ್ಲ,” ಎಂದ ಯತೀಶ. “ಆವತ್ತ್ ನೀವ್ ಫೋನ್ ಇಟ್ಟ್ ಅರ್ಧ ಗಂಟೆಗೆ ಪುಷ್ಪಕ್ಕ ಮಾಡಿರ್. ‘ನಂಗೆ ಗೊತ್ತಾಯ್ತ್ ಅಂದೇಳಿ ಅವ್ರಿಗೆ ಹೇಳ್ಬೇಡ ಮಗ, ಮದಿ ನಿಲ್ಸಿ ಬಿಡ್ತ್ರ್’ ಅಂದಿರ್.”