ಅರ್ಧ ಮಂಚ

ಬೆಳಿಗ್ಗೆ ಡ್ಯೂಟಿಗೆ ಹೊರಟ ಬಸ್ ಡ್ರೈವರ್ ಕಾಲುಚೀಲ ಹಾಕಿಕೊಳ್ಳಲೆಂದು ಮಂಚದ ಅಂಚಿನಲ್ಲಿ ಕೂತವನು ಹಾಸಿಗೆ ಸಮೇತ ದಬಕ್ಕನೆ ಒಳಗಿಳಿದುಬಿಟ್ಟ. ಮೊಣಕಾಲೆರಡೂ ಗಲ್ಲಕ್ಕೆ ಬಂದವು. ಅಡುಗೆಮನೆಯಿಂದ ಹೆಂಡತಿ ಕೈಯಲ್ಲಿ ಡ್ರಿಲ್ ಹಿಡಿದುಕೊಂಡೇ ಓಡಿಬಂದಳು.

"ಅಯ್ಯೋ! ನನ್ನ ಕಡೆ ಯಾಕ್ರೀ ಕೂತ್ರಿ?"

"ಮಂಚಕ್ಕೆ ಗಡಿ ಹಾಕಿದ್ದು ಯಾವಾಗ? ಮೊದಲು ಎಬ್ಬಿಸೇ ತಾಯಿ."

ಎಳೆದು ನಿಲ್ಲಿಸಿದಳು. ಹಾಸಿಗೆ ಎತ್ತಿ ನೋಡಿದರೆ ಅವನ ಕಡೆಯ ಅಡ್ಡಹಲಗೆಗಳು ಒತ್ತೊತ್ತಾಗಿ ಹಾಗೇ ಇದ್ದವು. ನಡುವಿನ ತೊಲೆಯಾಚೆ, ಅವಳ ಕಡೆ, ಉಳಿದದ್ದು ತಲೆಗೊಂದು, ಸೊಂಟಕ್ಕೊಂದು, ಕಾಲಿಗೊಂದು.

ಮಿಕ್ಕವು ಅಡುಗೆಮನೆಯ ಮೇಜಿನ ಮೇಲಿದ್ದವು: ಉಜ್ಜಿ, ಅಂಟಿಸಿ, ಪೆಟ್ಟಿಗೆಯಾಗಿ. ಕಿವಿಯ ಮಷೀನು ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ ಅವಳದು. ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದ ಬಿಡಿಭಾಗಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಒಂದೊಂದಾಗಿ ಕೊಂಡು ಕೂಡಿಟ್ಟಿದ್ದಳು. ಅಂಗೈಯಗಲದ ತಗಡುಗಳು, ಮೈತುಂಬ ತಿರುಗಿಸುವ ಗುಂಡಿಗಳು. ವೈರಿನಿಂದ ಒಂದಕ್ಕೊಂದು ಜೋಡಿಸಿದರೆ ಸ್ವರ ಹೊರಡುತ್ತದೆ. ಅವನ್ನು ಕೂರಿಸುವ ಪೆಟ್ಟಿಗೆಯ ಬೆಲೆ ಕೇಳಿದಾಗ ಮಾತ್ರ ನಗುತ್ತಾ ವಾದ್ಯದ ಅಂಗಡಿಯಿಂದ ಹೊರಬಂದಿದ್ದಳು. ಅವಳೇ ಮಾಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಮರ ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ತಗಡು ಬಿಗಿಯಲು ಗುಜರಿಯಿಂದ ತಂದ ಕಿಟಕಿಯ ಅಲ್ಯೂಮಿನಿಯಂ ಪಟ್ಟಿ. ಹಿಡಿಕೆ, ಹರಿದ ಸೂಟ್‌ಕೇಸಿನದು. ಹಲಗೆ ಕೂಡಿದ ಮೂಲೆಯಲ್ಲಿ ಅವನು ಉಗುರು ತೂರಿಸಿ ನೋಡಿದ. ತೂರಲಿಲ್ಲ.

ತಳದಲ್ಲಿ ಮಾತ್ರ ಒಂದು ಹಲಗೆಯಷ್ಟು ಸಂದು ಬಾಯಿ ತೆರೆದಿತ್ತು. ಅಂದು ಸಂಜೆ ಸಭಾಂಗಣದಲ್ಲಿ ಅವಳು ಮೊದಲ ಬಾರಿ ಜನರೆದುರು ನುಡಿಸಬೇಕು. ಬಿಡಿ ವೈರು ಹರಡಿಕೊಂಡು ಬಂದರೆ ವೇದಿಕೆ ಹತ್ತಿಸುವುದಿಲ್ಲ ಎಂದು ಅಲ್ಲಿಯವರು ಹೇಳಿಬಿಟ್ಟಿದ್ದರು.

"ಸೊಂಟದ್ದೊಂದು ತೆಗೀತೀನಿ. ಅಷ್ಟಾದ್ರೆ ಮುಗೀತು," ಎಂದಳು.

"ನನ್ನ ಕಡೆ ಅಷ್ಟೊಂದು ಇದ್ವಲ್ಲೇ?"

"ದಿನವಿಡೀ ಸ್ಟೀರಿಂಗ್ ಹಿಡಿದು ಕೂರೋ ಬೆನ್ನು ನಿಮ್ಮದು. ಅದರ ಹಲಗೆ ನಾನು ಮುಟ್ಟಲ್ಲ."

"ಇಷ್ಟು ದಿನ ಇದರ ಮೇಲೆ ಹೇಗೆ ಮಲಗ್ತಿದ್ದೆ?"

"ಹೊರಳದೆ," ಎಂದು ನಕ್ಕಳು.

ಅವನು ನಗಲಿಲ್ಲ. ಅವಳ ಕೈಯಿಂದ ಡ್ರಿಲ್ ಕಿತ್ತುಕೊಂಡು ಕೋಣೆಗೆ ಹೋಗಿ, ಮಂಚದ ತನ್ನ ಕಡೆಗೆ ಬಗ್ಗಿದ. "ಅರ್ಧ ಮಂಚದ ಮೇಲೆ ನಾನೊಬ್ಬನೇ ಕೂತು ಯಾವ ರಾಜ್ಯ ಆಳಲಿ? ಎಷ್ಟು ಉದ್ದ ಬೇಕು, ಹೇಳು."

ಸಂಜೆ ಅವನೇ ಪೆಟ್ಟಿಗೆ ಹೊತ್ತು ತಂದು ವೇದಿಕೆಯ ಮೇಲಿಟ್ಟು, ಯೂನಿಫಾರ್ಮಿನಲ್ಲೇ ಮುಂದಿನ ಸಾಲಿನಲ್ಲಿ ಕೂತ. ಅವಳು ಒಂದು ವೈರು ಚುಚ್ಚಿ ಗುಂಡಿ ತಿರುಗಿಸಿದಳು. ತೀರ ತಗ್ಗಿನ ಸ್ವರವೊಂದು ಎದ್ದು ಕುರ್ಚಿಯ ಕಾಲುಗಳಿಂದ ಮೈಗೆ ಹತ್ತಿತು. ಅದರ ಮೇಲೆ ಇನ್ನೊಂದು, ಎಳೆಯಷ್ಟು ತೆಳ್ಳಗೆ. ಕೆಮ್ಮುತ್ತಿದ್ದವರು ಕೆಮ್ಮು ಮರೆತರು.

"ಯಾವ ಕಂಪನಿದು ಸಾರ್ ಅದು?" ಪಕ್ಕದವರು ಪಿಸುಗುಟ್ಟಿದರು.

ಅವನು ವೇದಿಕೆಯಿಂದ ಕಣ್ಣು ಕೀಳಲಿಲ್ಲ. "ಇಷ್ಟು ವರ್ಷ ಅದರ ಮೇಲೇ ಮಲಗಿದ್ದೆ ಸಾರ್. ಇಂಥ ದನಿ ಇದೆ ಅಂತ ಗೊತ್ತೇ ಆಗಲಿಲ್ಲ."